ಹಳೇ ಹಾಯಿದೋಣಿಯೇ ಮನೆ: ಬಾಡಿಗೆ ನಿಜಕ್ಕೂ ಉಳಿಯುತ್ತಾ?

 

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಹಾಸನ ಕಡೆಯ ಹುಡುಗ, ಈಗ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದ್ದಾರೆ. ಎಂಎಸ್ಸಿ ಮುಗಿದಿದೆ, ಎರಡು ವರ್ಷದ ಗ್ರಾಜುಯೇಟ್ ವೀಸಾ ಸಿಕ್ಕಿದೆ, ಕೆಲಸವೂ ಇದೆ. ಆದರೆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತೆ, ಊರಲ್ಲಿ ಶಿಕ್ಷಣ ಸಾಲದ ಕಂತು ಬೇರೆ ಕಾಯ್ತಾ ಇದೆ. ಹೀಗಿರುವಾಗ ಅವರ ಫೋನಿಗೆ ಒಂದು ಜಾಹೀರಾತು ಬಂದಿದೆ: 1970ರ ದಶಕದ ಯಾಟ್, ಒಳಗೆ ಮಲಗೋಕೆ ಜಾಗ, ಒಲೆ, ಶೌಚಾಲಯ ಎಲ್ಲ ಇದೆ, ಬೆಲೆ 4000 ಪೌಂಡ್. ಆರು ತಿಂಗಳ ಬಾಡಿಗೆ ದುಡ್ಡಿಗೆ ಸ್ವಂತ ಮನೆ! ‘ಅಣ್ಣಾ, ನೀವು ದೋಣೀಲೇ ಇರ್ತೀರಲ್ಲ, ತಗೊಂಡುಬಿಡಲಾ?’ ಅಂತ ಪ್ರಶ್ನೆ.

ಹೌದು, ನಾನು ನಾಲ್ಕು ವರ್ಷದಿಂದ ಸೌತಾಂಪ್ಟನ್‌ನಲ್ಲಿ, ಇಚನ್ ನದಿಯ ಮೇಲೆ, 26 ಅಡಿ ಉದ್ದದ ಹಳೇ ಯಾಟ್‌ನಲ್ಲಿ ವಾಸ ಮಾಡ್ತಿದ್ದೇನೆ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ‘ಯಾಚ್ಟ್’ ಅನ್ನಬೇಡಿ, ಉಚ್ಚಾರಣೆ ಯಾಟ್. ಮತ್ತೆ ಈ ಪದ ಕೇಳಿದ ತಕ್ಷಣ ಅಂಬಾನಿ, ಬಿಳಿ ಸೋಫಾ, ಹೆಲಿಪ್ಯಾಡ್ ಅಂತೆಲ್ಲ ಕಲ್ಪನೆ ಬೇಡ. ನನ್ನದು ನಮ್ಮ ಕನ್ನಡದ ಹಾಯಿದೋಣಿ. ಒಳಗೆ ನಿಂತರೆ ತಲೆ ಮೇಲೆ ಎರಡು ಬೆರಳು ಜಾಗ ಉಳಿಯುತ್ತೆ ಅಷ್ಟೆ. ಬೆಂಗಳೂರಿನ ಪಿಜಿ ರೂಮಿಗಿಂತ ಚಿಕ್ಕದು.

ಮೊದಲು, ಇಷ್ಟು ಅಗ್ಗ ಯಾಕೆ ಅನ್ನೋದನ್ನ ನೋಡೋಣ. 1960ರ ದಶಕದವರೆಗೆ ದೋಣಿ ಅಂದ್ರೆ ಮರ. ಆಮೇಲೆ ಫೈಬರ್‌ಗ್ಲಾಸ್ ಬಂತು. ಒಂದು ಅಚ್ಚು ಮಾಡಿಟ್ಟುಕೊಂಡು ಒಂದೇ ಥರದ ದೋಣಿಗಳನ್ನ ಸಾಲಾಗಿ ಎರಕ ಹೊಯ್ಯೋಕೆ ಶುರು ಮಾಡಿದ್ರು. ಮಧ್ಯಮ ವರ್ಗದ ಮೇಷ್ಟ್ರು, ಗುಮಾಸ್ತರು ಕೂಡ ದೋಣಿ ಕೊಂಡ ಕಾಲ ಅದು. ಪೋರ್ಟ್ಸ್‌ಮತ್ ಪಕ್ಕದ ವಾಟರ್‌ಲೂವಿಲ್‌ನಲ್ಲಿದ್ದ ವೆಸ್ಟರ್ಲಿ ಅನ್ನೋ ಕಂಪನಿ 1969ರಿಂದ 1980ರವರೆಗೆ ಸೆಂಟಾರ್ ಅನ್ನೋ ಒಂದೇ ಮಾದರಿಯ 26 ಅಡಿ ದೋಣಿಯನ್ನ 2000ಕ್ಕೂ ಹೆಚ್ಚು ತಯಾರಿಸಿತು. ಹೊಸ ವಸ್ತು, ಎಷ್ಟು ಗಟ್ಟಿ ಅಂತ ಅನುಭವ ಸಾಲದು, ಆದ್ದರಿಂದ ಆ ಕಾಲದ ತಯಾರಕರು ಗೋಡೆಗಳನ್ನ ದಪ್ಪವಾಗಿಯೇ ಎರೆದರು. ಫೈಬರ್‌ಗ್ಲಾಸ್ ಕೊಳೆಯಲ್ಲ, ಗೆದ್ದಲು ಹಿಡಿಯಲ್ಲ. ಐವತ್ತು ವರ್ಷ ಆದಮೇಲೂ ಆ ದೋಣಿಗಳು ತೇಲ್ತಾನೇ ಇವೆ. ಕೊಂಡ ಮೇಷ್ಟ್ರಿಗೆ ಮಾತ್ರ ವಯಸ್ಸಾಯ್ತು. ಮಕ್ಕಳಿಗೆ ಆಸಕ್ತಿ ಇಲ್ಲ. ಮಾರುಕಟ್ಟೆ ತುಂಬಾ ಹಳೇ ದೋಣಿ, ಕೊಳ್ಳೋರು ಕಡಿಮೆ. ಅದಕ್ಕೇ ಆ ಬೆಲೆ.

ಆದರೆ ಬೆಲೆ ಬಿದ್ದಿರೋದಕ್ಕೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೆಂಗಳೂರಲ್ಲಿ ಮನೆ ಮಾರಾಟಕ್ಕಿದೆ ಅಂದ್ರೆ ನಮ್ಮೋರು ಮೊದಲು ಏನು ಕೇಳ್ತಾರೆ? ಸೈಟ್ ಎಷ್ಟಕ್ಕೆಷ್ಟು? ಥರ್ಟಿ ಫಾರ್ಟಿನಾ? ಕಟ್ಟಡ ಹಳೇದಾಗ್ತಾ ಹೋಗುತ್ತೆ, ಬೆಲೆ ಏರೋದು ಸೈಟಿಗೆ ಅಂತ ನಮಗೆಲ್ಲ ಗೊತ್ತು. ಯಾಟ್ ಅಂದ್ರೆ ಸೈಟ್ ಇಲ್ಲದ ಮನೆ. ನೀವು 4000 ಪೌಂಡ್‌ಗೆ ಕೊಳ್ಳೋದು ಕಟ್ಟಡ ಮಾತ್ರ, ಅದೂ ಪ್ರತಿವರ್ಷ ಬೆಲೆ ಇಳಿಯೋ ಕಟ್ಟಡ. ಅದನ್ನ ಎಲ್ಲಿ ಇಡ್ತೀರಿ ಅನ್ನೋದರ ಮೇಲೆ ನಿಮ್ಮ ಪೂರ್ತಿ ಲೆಕ್ಕಾಚಾರ ನಿಂತಿರುತ್ತೆ.

ಇಡೋದು ಎಲ್ಲಿ? ಒಂದು, ಮರೀನಾ. ತೇಲೋ ಕಟ್ಟೆ, ಕರೆಂಟು, ನೀರಿನ ನಲ್ಲಿ, ದಡದಲ್ಲಿ ಬಿಸಿನೀರಿನ ಸ್ನಾನಗೃಹ. ಬಾಡಿಗೆಯನ್ನ ದೋಣಿಯ ಉದ್ದದ ಮೇಲೆ, ಮೀಟರ್ ಲೆಕ್ಕದಲ್ಲಿ ಹಾಕ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿ ಈ ವಿಷಯದಲ್ಲಿ ದುಬಾರಿ ಜಾಗ. ಎರಡು, ನದಿ ಮಧ್ಯೆ ಒಂದು ಬೋಯ್‌ಗೆ ಕಟ್ಟಿಹಾಕೋದು. ಅಗ್ಗ, ಆದರೆ ಆಫೀಸಿಗೆ ಹೋಗೋಕೆ ದಿನಾ ಬೆಳಗ್ಗೆ ರಬ್ಬರ್ ದೋಣಿ ಹುಟ್ಟುಹಾಕ್ಕೊಂಡು ದಡ ಸೇರಬೇಕು. ಜನವರಿ ಮಳೇಲಿ, ಇಸ್ತ್ರಿ ಮಾಡಿದ ಶರ್ಟಲ್ಲಿ! ಮೂರು, ಕೆಸರು ದಂಡೆ. ಇಲ್ಲಿ ಉಬ್ಬರ–ಇಳಿತದ ವ್ಯತ್ಯಾಸ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನಾಲ್ಕು ಮೀಟರ್ ಆಸುಪಾಸು ಇರುತ್ತೆ. ಹಾಗಾಗಿ ದಂಡೆ ಪಕ್ಕದ ದೋಣಿಗಳು ಅರ್ಧ ದಿನ ತೇಲ್ತವೆ, ಅರ್ಧ ದಿನ ಕೆಸರಲ್ಲಿ ಕೂರ್ತವೆ. ಸಾಮಾನ್ಯ ಯಾಟ್ ಆದರೆ ಪಕ್ಕಕ್ಕೆ ವಾಲಿಬಿಡುತ್ತೆ. ಸೆಂಟಾರ್ ಥರದ್ದಕ್ಕೆ ತಳದಲ್ಲಿ ಎರಡು ಕೀಲ್ ಇರೋದ್ರಿಂದ ಎರಡು ಕಾಲಿನ ಮೇಲೆ ನೆಟ್ಟಗೆ ಕೂರುತ್ತೆ. ನನ್ನ ದೋಣಿಯೂ ಇದೇ ಜಾತಿ. ದಿನಕ್ಕೆರಡು ಸಲ ಮನೆ ಸದ್ದಿಲ್ಲದೆ ಕೆಳಗಿಳಿದು ಕೂರುತ್ತೆ, ಮತ್ತೆ ಏಳುತ್ತೆ. ಮೊದಲ ವಾರ ವಿಚಿತ್ರ ಅನ್ನಿಸ್ತಿತ್ತು, ಈಗ ಅದೇ ಗಡಿಯಾರ.

ಇಲ್ಲೊಂದು ದೊಡ್ಡ ತೊಡಕಿದೆ. ದೋಣಿ ಇಡೋ ಜಾಗ ಬೇರೆ, ದೋಣಿಯಲ್ಲಿ ವಾಸ ಮಾಡೋ ಜಾಗ ಬೇರೆ. ಹೆಚ್ಚಿನ ಮರೀನಾಗಳ ಒಪ್ಪಂದದಲ್ಲಿ ‘ವಿಹಾರಕ್ಕೆ ಮಾತ್ರ’ ಅಂತ ಬರೆದಿರುತ್ತೆ. ವಾರಾಂತ್ಯಕ್ಕೆ ಬಂದು ಮಲಗಬಹುದು, ವರ್ಷಪೂರ್ತಿ ಇರೋ ಹಾಗಿಲ್ಲ. ವಾಸಕ್ಕೆ ಅನುಮತಿ ಇರೋ ಬರ್ತ್‌ಗಳು ಕಡಿಮೆ, ಕಾಯೋ ಪಟ್ಟಿ ಉದ್ದ, ದರವೂ ಹೆಚ್ಚು. ಕೆಲವರು ಕದ್ದುಮುಚ್ಚಿ ಇರ್ತಾರೆ. ರಾತ್ರಿ ಲೈಟ್ ಹಾಕೋಕೂ ಹಿಂಜರಿಕೆ. ವೀಸಾ ಮೇಲೆ ಬಂದಿರೋ ನಮ್ಮಂಥೋರಿಗೆ ಆ ಬದುಕು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅನುಮತಿ ಇದ್ದರೂ ನಿಮ್ಮ ಕೈಲಿರೋದು ಬಾಡಿಗೆ ಕರಾರು ಅಲ್ಲ, ಒಂದು ಲೈಸೆನ್ಸ್. ಮನೆ ಬಾಡಿಗೆದಾರರಿಗಿರೋ ರಕ್ಷಣೆ ದೋಣಿಯವರಿಗಿಲ್ಲ. ಕ್ಯಾರವಾನ್‌ನಲ್ಲಿ ವಾಸಿಸೋರಿಗೆ ರಕ್ಷಣೆ ಕೊಡೋ 1983ರ ಮೊಬೈಲ್ ಹೋಮ್ಸ್ ಕಾಯ್ದೆಯೂ ನಮಗೆ ಅನ್ವಯಿಸಲ್ಲ. ನೋಟಿಸ್ ಕೊಟ್ಟರೆ ಹಗ್ಗ ಬಿಚ್ಚಬೇಕು.

‘ಲಂಡನ್ನಲ್ಲಿ ಕಾಲುವೆ ದೋಣೀಲಿ ಪುಕ್ಕಟೆ ಇರ್ತಾರಂತಲ್ಲ?’ ಅಂತ ಕೆಲವರು ಕೇಳ್ತಾರೆ. ಅದು ಬೇರೆ ಕಥೆ. ಅಲ್ಲಿ ಕಾಯಂ ಜಾಗ ಇಲ್ಲದ ದೋಣಿಯನ್ನ, 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ, ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲಿಸೋ ಹಾಗಿಲ್ಲ. ಲೈಸೆನ್ಸ್ ಶುಲ್ಕ ಹೇಗೂ ಕಟ್ಟಬೇಕು. ಮತ್ತೆ ಸಮುದ್ರದ ಯಾಟ್‌ಗೆ ಎತ್ತರದ ಪಟಸ್ತಂಭ, ಆಳದ ಕೀಲ್ ಇರುತ್ತೆ, ಕಾಲುವೆಗೆ ಅದು ಹೊಂದಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇದು ನನ್ನ ಡೈರಿಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ದೋಣಿಗೆ ಕೊಟ್ಟಿದ್ದು 5500 ಪೌಂಡ್. ಕೊಳ್ಳೋ ಮುಂಚೆ ಸರ್ವೇಯರ್‌ಗೆ 450. ಇದನ್ನ ಉಳಿಸೋಕೆ ಹೋಗಬೇಡಿ. ಇಷ್ಟು ಹಳೇ ದೋಣಿಗೆ ವಿಮೆ ಕಂಪನಿಗಳು ಸಾಮಾನ್ಯವಾಗಿ ಸರ್ವೇ ವರದಿ ಕೇಳೇ ಕೇಳ್ತವೆ, ವಿಮೆ ಇಲ್ಲದೆ ಮರೀನಾದವರು ಒಳಗೇ ಬಿಡಲ್ಲ. ಆಮೇಲೆ ಪಟಸ್ತಂಭ ಹಿಡಿದಿರೋ ಉಕ್ಕಿನ ತಂತಿಗಳು, ನೀರಿನ ಕೆಳಗಿರೋ ವಾಲ್ವ್‌ಗಳು, ಬ್ಯಾಟರಿ, ಹೀಟರ್, ಹಾಸಿಗೆ, ಎಲ್ಲ ಸೇರಿ 4000. ಒಟ್ಟು 9950. ಈಗ ಮಾರಿದರೆ 4500 ಬರಬಹುದು. ಅಂದ್ರೆ ನೀರಿಗೆ ಹೋಗಿದ್ದು 5450 ಪೌಂಡ್.

ತಿಂಗಳ ಖರ್ಚು: ವಾಸದ ಬರ್ತ್‌ಗೆ 380, ಅರ್ಧ ದಿನ ಕೆಸರು ಆದ್ದರಿಂದ ಈ ದರ. ಕರೆಂಟು, ಡೀಸೆಲ್, ಗ್ಯಾಸ್ 90. ವಿಮೆ 15. ರಿಪೇರಿಗೆ ಅಂತ ಎತ್ತಿಡೋದು 125. ನಮ್ಮ ಹೊನ್ನಾವರ ಕಡೆ ಜೂನ್–ಜುಲೈ ಮೀನುಗಾರಿಕೆ ನಿಷೇಧದ ಹೊತ್ತಲ್ಲಿ ದೋಣಿ ದಡಕ್ಕೆಳೆದು ತಳ ಕೆರೆದು ಬಣ್ಣ ಹಚ್ಚೋದನ್ನ ನೋಡಿರ್ತೀರಿ. ಇಲ್ಲೂ ವರ್ಷಕ್ಕೊಮ್ಮೆ ಅದೇ ಕೆಲಸ, ಎತ್ತೋಕೆ ಕ್ರೇನ್ ಬಾಡಿಗೆ ಮಾತ್ರ ಹೆಚ್ಚುವರಿ. ಎಲ್ಲ ಸೇರಿ ತಿಂಗಳಿಗೆ 610.

ಇದನ್ನ ಯಾವುದಕ್ಕೆ ಹೋಲಿಸ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ನಾಲ್ಕು ಜನರ ಜೊತೆ ಅಡುಗೆಮನೆ ಹಂಚಿಕೊಳ್ಳೋ ಒಂದು ರೂಮು, ಬಿಲ್ಲುಗಳೆಲ್ಲ ಸೇರಿ 750 ಅಂದ್ಕೊಳ್ಳಿ. ತಿಂಗಳಿಗೆ ಉಳಿಯೋದು 140. ಆ 5450 ವಾಪಸ್ ಬರೋಕೆ 39 ತಿಂಗಳು ಬೇಕು, ಮೂರು ವರ್ಷ ಮೂರು ತಿಂಗಳು! ಅದೇ ಒಬ್ಬರೇ ಇರೋ ಸ್ಟುಡಿಯೋ ಫ್ಲ್ಯಾಟ್‌ಗೆ 1100 ಕೊಡ್ತಿದ್ದೋರಾದರೆ ತಿಂಗಳಿಗೆ 490 ಉಳಿಯುತ್ತೆ, 11 ತಿಂಗಳು ಚಿಲ್ಲರೇಲಿ ಲೆಕ್ಕ ಚುಕ್ತಾ. ‘ದೋಣೀಲಿದ್ದು ಸಾವಿರಾರು ಪೌಂಡ್ ಉಳಿಸಿದೆ’ ಅನ್ನೋ ವಿಡಿಯೋಗಳು ಬಹಳಷ್ಟು ಈ ಎರಡನೇ ಲೆಕ್ಕ ತೋರಿಸ್ತವೆ. ನೋಡ್ತಿರೋ ನಾವು ಮೊದಲನೇ ಲೆಕ್ಕದವರು.

ದುಡ್ಡು ಬಿಟ್ಟು ಮೈಗೆ ತಗಲೋ ವಿಷಯಕ್ಕೆ ಬಂದರೆ, ಚಳಿಗಾಲದ ಶತ್ರು ಚಳಿಯಲ್ಲ, ತೇವ. ನೀವು ಉಸಿರು ಬಿಡ್ತೀರಿ, ಅನ್ನ ಕುದಿಯುತ್ತೆ, ಒದ್ದೆ ಜಾಕೆಟ್ ನೇತುಹಾಕ್ತೀರಿ. ಆ ಆವಿಯೆಲ್ಲ ತಣ್ಣಗಿನ ಫೈಬರ್ ಗೋಡೆಗೆ ತಾಗಿ ನೀರಾಗಿ ಇಳಿಯುತ್ತೆ. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಕೊಚ್ಚೆ, ನಾಲ್ಕೇ ದಿನದಲ್ಲಿ ಬೂಷ್ಟು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಬಟ್ಟೆ ಒಣಗೋ ಮಾತೇ ಇಲ್ಲ. ಪರಿಹಾರ ಇದೆ: ಹಾಸಿಗೆ ಅಡಿಗೆ ಗಾಳಿಯಾಡೋ ಜಾಲರಿ, ಒಂದು ಡಿಹ್ಯೂಮಿಡಿಫೈಯರ್, ಒಣ ಶಾಖ ಕೊಡೋ ಹೀಟರ್, ಮತ್ತೆ ಎಷ್ಟೇ ಚಳಿ ಇದ್ದರೂ ಕಿಟಕಿ ಸ್ವಲ್ಪ ತೆರೆದಿಡೋದು. ಊರಿಂದ ತಂದ ಪ್ರೆಶರ್ ಕುಕ್ಕರ್ ಇಲ್ಲಿ ಚಿನ್ನ. ಮುಚ್ಚಳ ಬಿಗಿ, ಆವಿ ಕಡಿಮೆ, ಗ್ಯಾಸ್ ಉಳಿತಾಯ, ದೋಣಿ ಅಲುಗಾಡಿದರೂ ಸಾರು ಚೆಲ್ಲಲ್ಲ. ಒಗ್ಗರಣೆ ಮಾತ್ರ ಯೋಚನೆ ಮಾಡಿ ಹಾಕಿ. ಸಾಸಿವೆ–ಇಂಗಿನ ಪರಿಮಳ ಮಾರನೇ ದಿನ ನಿಮ್ಮ ಜೊತೆ ಮೀಟಿಂಗಿಗೂ ಬರುತ್ತೆ.

ಶೌಚಾಲಯದ ಬಗ್ಗೆ ಎಲ್ಲರೂ ಮುಜುಗರದಿಂದ ಕೇಳ್ತಾರೆ. ದೋಣೀಲಿ ಇದೆ, ಕೈಪಂಪಿಂದು. ಟ್ಯಾಂಕ್ ತುಂಬಿದರೆ ಖಾಲಿ ಮಾಡಿಸಬೇಕು. ಆದ್ದರಿಂದ ಹೆಚ್ಚಿನವರು ದಡದ ಶೌಚಾಲಯಕ್ಕೇ ಹೋಗ್ತಾರೆ, ರಾತ್ರಿ ಮೂರಕ್ಕೆ, ಮಳೇಲಿ, ಟಾರ್ಚ್ ಹಿಡ್ಕೊಂಡು. ಅಷ್ಟೇ.

ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ, ಇದು ಜೀವದ ಪ್ರಶ್ನೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೇಲಿ ಸೋರಿದರೆ ಬಾಗಿಲ ಸಂದಿಯಿಂದ ಆಚೆ ಹೋಗಬಹುದು, ದೋಣಿಗೆ ಕೆಳಗಡೆ ಬಾಗಿಲೇ ಇಲ್ಲ. ಸೋರಿದ ಗ್ಯಾಸೆಲ್ಲ ತಳದಲ್ಲಿ ಬಾವಿಯ ನೀರಿನ ಹಾಗೆ ಶೇಖರ ಆಗುತ್ತೆ, ಒಂದು ಸ್ವಿಚ್ಚಿನ ಕಿಡಿ ಸಾಕು. ಅದಕ್ಕೇ ಸಿಲಿಂಡರ್ ಇಡೋ ಪೆಟ್ಟಿಗೆಗೆ ಹೊರಗೆ ತೆರೆದುಕೊಳ್ಳೋ ಕೊಳವೆ ಇರಲೇಬೇಕು. ಇನ್ನು ಕಾರ್ಬನ್ ಮೊನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. 2019ರ ಡಿಸೆಂಬರ್‌ನಲ್ಲಿ ಯಾರ್ಕ್‌ನಲ್ಲಿ ಡೈವರ್ಶನ್ ಅನ್ನೋ ದೋಣಿ ದಂಡೆಗೆ ಕಟ್ಟಿಕೊಂಡು ನಿಂತಿತ್ತು. ಒಳಗೆ ಹೀಟರ್ ಹಾಕಿದ್ದ ಇಬ್ಬರು ಸತ್ತರು. ಹೊಗೆ ಹೊರಗೆ ಒಯ್ಯಬೇಕಿದ್ದ ಕೊಳವೆ ಒಳಗಡೆಯೇ ಕಳಚಿಕೊಂಡಿತ್ತು. ತನಿಖೆ ಮಾಡಿದ ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ಪ್ರಕಾರ ಆ ದೋಣೀಲಿ ಅಲಾರಂ ಇರಲಿಲ್ಲ. ಅಲಾರಂ ಬೆಲೆ ಇಪ್ಪತ್ತು, ಮೂವತ್ತು ಪೌಂಡ್. ಹಳೇ ದೋಣಿ ಅಂದ್ರೆ ಹಿಂದಿನ ಮೂರ್ನಾಲ್ಕು ಮಾಲೀಕರು ಅವರವರಿಗೆ ತೋಚಿದ ಹಾಗೆ ಜೋಡಿಸಿದ ವೈರು, ಪೈಪು. ಹೀಟರ್ ಮತ್ತು ಗ್ಯಾಸ್ ಎರಡನ್ನೂ ಅರ್ಹತೆ ಇರೋ ತಂತ್ರಜ್ಞರಿಂದ ಪರೀಕ್ಷೆ ಮಾಡಿಸೋವರೆಗೆ ಒಳಗೆ ಒಂದು ರಾತ್ರಿಯೂ ಮಲಗಬೇಡಿ. ಚಳಿ ಅಂತ ಬಾರ್ಬೆಕ್ಯೂ ಕೆಂಡ ಒಳಗೆ ತರೋದಂತೂ ಬೇಡವೇ ಬೇಡ.

ನಾನು ದೋಣಿ ತಗೊಂಡೆ ಅಂತ ಫೋನಲ್ಲಿ ಹೇಳಿದಾಗ ನಮ್ಮ ಆಯಿ ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲ ತಮಾ, ನಿಂಗೆ ಪತ್ರ ಎಲ್ಲಿಗೆ ಬತ್ತು?’ ವಲಸೆ ಬಂದೋರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಬ್ಯಾಂಕಿಗೆ ವಿಳಾಸ ಬೇಕು, ಕಂಪನಿಗೆ ಬೇಕು, ವೀಸಾ ದಾಖಲೆಯಲ್ಲೂ ಬೇಕು. ವಿಳಾಸ ಬದಲಾದರೆ ಇಲ್ಲಿನ ಗೃಹ ಇಲಾಖೆಗೆ, ಅಂದ್ರೆ ಹೋಮ್ ಆಫೀಸ್‌ಗೆ, ತಿಳಿಸಬೇಕು. ವಾಸದ ಬರ್ತ್ ಇದ್ದರೆ ಮರೀನಾದ ವಿಳಾಸವೇ ನಿಮ್ಮದು, ಕೌನ್ಸಿಲ್ ತೆರಿಗೆ ಬಿಲ್ಲೂ ಬರಬಹುದು. ಬಿಲ್ಲು ಬಂತು ಅಂತ ಖುಷಿಪಟ್ಟ ಮೊದಲ ಮನುಷ್ಯ ನಾನೇ ಇರಬೇಕು, ವಿಳಾಸದ ಪುರಾವೆ ಸಿಕ್ತಲ್ಲ! ಅನುಮತಿ ಇಲ್ಲದ ಜಾಗದಲ್ಲಿದ್ದರೆ ಗೆಳೆಯನ ಮನೆ ವಿಳಾಸ ಕೊಟ್ಟುಕೊಂಡು ಓಡಾಡಬೇಕು. ಅಲ್ಲಿಂದ ತೊಂದರೆ ಶುರು. ಎರಡು ಸಮಾಧಾನದ ಸಂಗತಿ: ಇಂಗ್ಲೆಂಡಿನಲ್ಲಿ ಜಿಪಿ ಡಾಕ್ಟರ್ ಹತ್ತಿರ ನೋಂದಣಿ ಮಾಡಿಸೋಕೆ ವಿಳಾಸದ ಪುರಾವೆ ಕಡ್ಡಾಯ ಅಲ್ಲ. ಮತ್ತೆ ಭಾರತದ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಕಾಮನ್‌ವೆಲ್ತ್ ಪ್ರಜೆಗಳಾಗಿ ಮತ ಹಾಕಬಹುದು. ಕಾಯಂ ವಿಳಾಸ ಇಲ್ಲದೋರಿಗೂ ಮತದಾರರ ಪಟ್ಟಿಗೆ ಸೇರೋ ದಾರಿ ಇದೆ.

‘ದೋಣಿ ಇದ್ದರೆ ದೇಶ ದೇಶ ಸುತ್ತಬಹುದಲ್ಲ’ ಅನ್ನೋ ಆಸೆಗೂ ಒಂದು ಮಾತು. ನಮ್ಮ ಪಾಸ್‌ಪೋರ್ಟಿಗೆ ಫ್ರಾನ್ಸ್ ತೀರ ತಲುಪೋಕೂ ಷೆಂಗೆನ್ ವೀಸಾ ಬೇಕು, ವಿಮಾನದಲ್ಲಿ ಹೋಗಲಿ, ಹಾಯಿ ಬಿಚ್ಚಿ ಹೋಗಲಿ. ತಮಾಷೆ ಏನಂದ್ರೆ, ಯುರೋಪಿಯನ್ ಒಕ್ಕೂಟದ ಆಚೆ ನೆಲೆಸಿರೋರು ತಮ್ಮ ದೋಣಿಯನ್ನ ಅಲ್ಲಿ ತೆರಿಗೆ ಕಟ್ಟದೆ 18 ತಿಂಗಳು ಇಡಬಹುದು. ಮಾಲೀಕನಿಗೆ ಮಾತ್ರ 180 ದಿನದಲ್ಲಿ ಹೆಚ್ಚೆಂದರೆ 90 ದಿನ. ದೋಣಿಯ ಅದೃಷ್ಟ ನಮಗಿಲ್ಲ.

ಹಾಗಾದ್ರೆ ಪೋರ್ಟ್ಸ್‌ಮತ್‌ನ ತಮ್ಮನಿಗೆ ನನ್ನ ಉತ್ತರ: ಈಗ ಬೇಡ. ನಿಮ್ಮ ವೀಸಾ ಇರೋದು 24 ತಿಂಗಳು, ಅಸಲು ವಾಪಸ್ ಬರೋಕೆ ಬೇಕಾಗೋದು 39. ಅದಕ್ಕಿಂತ ದೊಡ್ಡ ಚಿಂತೆ ಹೊರಗೆ ಬರೋದು. ರೂಮಾದರೆ ಒಂದೆರಡು ತಿಂಗಳ ನೋಟಿಸ್ ಕೊಟ್ಟು ಸೂಟ್‌ಕೇಸ್ ಎತ್ತಿಕೊಂಡು ಹೊರಡಬಹುದು. ದೋಣಿ ಮಾರೋಕೆ ವಸಂತಕಾಲ ಬರಬೇಕು, ಗಿರಾಕಿ ಬರಬೇಕು. ನವೆಂಬರ್‌ನಲ್ಲಿ ವೀಸಾ ಮುಗಿದರೆ? ನೀವು ಹಾಸನದಲ್ಲಿ, ದೋಣಿ ಇಲ್ಲಿ, ಬರ್ತ್ ಬಾಡಿಗೆ ಏರ್ತಾ ಇರುತ್ತೆ. ಬಾಕಿ ಉಳಿದರೆ ಮರೀನಾದವರು 1977ರ ಒಂದು ಕಾಯ್ದೆ ಪ್ರಕಾರ ನೋಟಿಸ್ ಕೊಟ್ಟು ದೋಣಿ ಮಾರಿಬಿಡಬಹುದು. ಯಾರಿಗೂ ಬೇಡವಾದ ದೋಣಿಯನ್ನ ಒಡೆದು ವಿಲೇವಾರಿ ಮಾಡೋದಕ್ಕೂ ದುಡ್ಡು ಬೇಕು, ಫೈಬರ್‌ಗ್ಲಾಸ್ ಗುಜರಿಯವನೂ ಕೊಳ್ಳಲ್ಲ. ಫ್ರಾನ್ಸಿನಲ್ಲಿ 2019ರಿಂದ ಎಪಿಇಆರ್ ಅನ್ನೋ ಸಂಸ್ಥೆ ಹಳೇ ದೋಣಿಗಳನ್ನ ಉಚಿತವಾಗಿ ಒಡೆದುಕೊಡುತ್ತೆ, ಸಾಗಿಸೋ ಖರ್ಚು ಮಾತ್ರ ಮಾಲೀಕರದ್ದು. ಇಲ್ಲಿ ಆ ಭಾರವೆಲ್ಲ ಕೊನೆಯ ಮಾಲೀಕನ ತಲೆಗೆ. ‘ಒಂದೇ ಪೌಂಡಿಗೆ ಯಾಟ್’ ಅನ್ನೋ ಜಾಹೀರಾತಿನ ಗುಟ್ಟು ಇದೇ. ಬಿಟ್ಟಿ ಸಿಗೋ ಆನೆಗೆ ಮೇವು ಹಾಕೋರು ಯಾರು ಅಂತ ಮೊದಲು ಕೇಳಬೇಕು.

ಬೇರೆಯವರಿಗೆ? ಐದು ವರ್ಷದ ವೀಸಾ, ಹತ್ತಿರದಲ್ಲೇ ಕೆಲಸ, ಒಬ್ಬರೇ ಇರೋದು, ಸ್ಪ್ಯಾನರ್ ಹಿಡಿಯೋಕೆ ಬೇಸರ ಇಲ್ಲ, ದೋಣಿ ಬೆಲೆಯಷ್ಟೇ ದುಡ್ಡು ಬ್ಯಾಂಕಲ್ಲಿ ಬೇರೆ ಇದೆ ಅಂದ್ರೆ ಖಂಡಿತ ಯೋಚನೆ ಮಾಡಿ. ಬೆಳಗ್ಗೆ ಕಾಫಿ ಹಿಡ್ಕೊಂಡು ಮೇಲೆ ಬಂದರೆ ಎದುರಿಗೆ ಬೆಳ್ಳಕ್ಕಿ, ಇಳಿತದ ಕೆಸರಲ್ಲಿ ಏಡಿ. ನನಗೆ ಶರಾವತಿ ಅಳಿವೆ ನೆನಪಾಗುತ್ತೆ. ಅದಕ್ಕೆ ನಾನು ಡೈರೀಲಿ ಬೆಲೆ ಹಾಕಿಲ್ಲ.

ದೋಣಿ ನೋಡೋಕೆ ಹೋಗೋದಾದರೆ ಬೇಸಿಗೆಯ ಬಿಸಿಲಲ್ಲಿ ಹೋಗಬೇಡಿ, ಜನವರಿಯಲ್ಲಿ ಮಳೆ ಬಂದ ಮಾರನೇ ದಿನ ಹೋಗಿ. ಬೀರುಗಳನ್ನ ತೆರೆದು ಮೂಸಿ ನೋಡಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಮೇಲೆ ಮೆಲ್ಲಗೆ ಬಡೀತಾ ಹೋಗಿ, ಟಕ್ ಟಕ್ ಅನ್ನೋದು ಎಲ್ಲಾದರೂ ದಪ್ ದಪ್ ಆಯ್ತಾ, ಒಳಗಿನ ಮರ ಕೊಳೆತಿರಬಹುದು. ನೀರಿನ ಕೆಳಗಿನ ಹಿತ್ತಾಳೆ ವಾಲ್ವ್ ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದರ ಸತುವು ಕರಗಿಹೋಗಿದೆ, ಒಂದು ದಿನ ಕೈಗೇ ಮುರಿದು ಬರುತ್ತೆ, ಸಮುದ್ರ ಒಳಗೆ ಬರುತ್ತೆ. ತಳದಲ್ಲಿ ಸಣ್ಣ ನೀರುಗುಳ್ಳೆ ಕಂಡರೆ ಹೆದರಬೇಡಿ, ಹಳೇ ಫೈಬರ್ ದೋಣಿಗಳಲ್ಲಿ ಅದು ಸಾಮಾನ್ಯ, ಬೆಲೆ ಇಳಿಸೋಕೆ ಒಳ್ಳೇ ನೆಪ. ಆದರೆ ಇದೆಲ್ಲಕ್ಕಿಂತ ಮುಂಚೆ, ದೋಣಿಯ ಫೋಟೋ ನೋಡೋಕೂ ಮುಂಚೆ, ಮರೀನಾ ಆಫೀಸಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ವಾಸಕ್ಕೆ ಬರ್ತ್ ಖಾಲಿ ಇದೆಯಾ? ಇಷ್ಟು ಹಳೇ ದೋಣಿಗೆ ಕೊಡ್ತೀರಾ? ಉತ್ತರ ಲಿಖಿತವಾಗಿ ಕೈಗೆ ಬರೋವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ನಿಮ್ಮ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.